ಪುಣ್ಯದ ಮಾತು ಸಾಕು

“ನೀವು ಬಹಳ ದೊಡ್ಡ ಪುಣ್ಯ ಕಟ್ಟಿಕೊಂಡಿರಿ ತಾಯಿ.” ಈ ಒಂದು ಮಾತಿನ ಮೇಲೆ ನನಗೆ ತಕರಾರಿದೆ. ಎರಡು ವರ್ಷಗಳಿಂದ ಅದನ್ನು ಕೇಳುತ್ತ ಬಂದಿದ್ದೇನೆ. ಮದುವೆಯ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಸರದಿ ಕಾಯುವಾಗ, ತರಕಾರಿ ಗಾಡಿಯ ಪಕ್ಕದಲ್ಲಿ, ಎಲ್ಲಿಯೂ ಅದು ನನ್ನನ್ನು ಬಿಟ್ಟಿಲ್ಲ. ಹೇಳುವವರು ಕೆಟ್ಟವರಲ್ಲ, ಕೆಲವರು ಕಣ್ಣು ಒರೆಸಿಕೊಂಡೇ ಹೇಳುತ್ತಾರೆ. ಆದರೆ ಒಳ್ಳೆಯ ಮನಸ್ಸಿನಿಂದ ಹೊರಟ ಮಾತೆಲ್ಲ ಒಳ್ಳೆಯದನ್ನೇ ಮಾಡೀತೆಂಬ ನಿಯಮವೇನೂ ಇಲ್ಲ. ಈ ಮಾತು ಕೆಟ್ಟದ್ದನ್ನು ಮಾಡುತ್ತದೆ, ಅದನ್ನೂ ಒಂದು ಮಗುವಿಗೆ ಮಾಡುತ್ತದೆ ಎಂಬುದು ನನ್ನ ವಾದ.

ವಿಷಯ ಇಷ್ಟು. ನಾವು ಮೈಸೂರಿನವರು. ನಾನು, ನಮ್ಮ ಮನೆಯವರು, ನಮ್ಮ ಅತ್ತೆ, ಹನ್ನೊಂದು ವರ್ಷದ ಮಗ — ಹೀಗಿದ್ದ ಮನೆಗೆ ಎರಡು ವರ್ಷದ ಹಿಂದೆ ಎಂಟು ವರ್ಷದ ಮಗಳು ದತ್ತು ಬಂದಳು. ಕಾನೂನಿನ ಪ್ರಕಾರ, ಜಿಲ್ಲಾಧಿಕಾರಿಗಳ ಆದೇಶದೊಡನೆ ಬಂದಳು. ಸೆರೆಬ್ರಲ್ ಪಾಲ್ಸಿಯಿಂದಾಗಿ ಅವಳ ಎರಡು ಕಾಲುಗಳ ಸ್ನಾಯುಗಳೂ ಬಿಗಿದುಕೊಂಡಿವೆ. ಕ್ಯಾಲಿಪರ್ ಕಟ್ಟಿಕೊಂಡು, ವಾಕರ್ ಹಿಡಿದು ನಡೆಯುತ್ತಾಳೆ. ಬುದ್ಧಿಗೆ ಏನೂ ಆಗಿಲ್ಲ. ಆಗಿದ್ದರೂ ನಾನು ಹೇಳಹೊರಟಿರುವ ಮಾತಿನಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ.

“ಅಲ್ಲಮ್ಮ, ನಾಲ್ಕು ಜನ ಒಳ್ಳೆಯ ಮಾತಾಡಿದರೆ ನಿಮಗೇಕೆ ಉರಿ?” ಎಂದು ಓದುಗರು ಕೇಳಿಯಾರು. ಕೇಳುವುದು ನ್ಯಾಯವೇ. ಉತ್ತರ ಹೇಳುತ್ತೇನೆ.

ನಾನು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಪುಣ್ಯವೆಂಬುದು ಲೆಕ್ಕದ ಭಾಷೆ. ಒಬ್ಬರ ಖಾತೆಗೆ ಜಮಾ ಬಿದ್ದಿತೆಂದರೆ ಇನ್ನೊಬ್ಬರ ಹೆಸರಿನಲ್ಲಿ ಬಾಕಿ ಬರೆಯಬೇಕಾಗುತ್ತದೆ. ನಮಗೆ ಪುಣ್ಯ ಬಂದಿತೆಂದಾಗ ಬಾಕಿ ಬಿದ್ದದ್ದು ಯಾರ ಹೆಸರಿನಲ್ಲಿ? ಎಂಟು ವರ್ಷದ ಹುಡುಗಿಯ ಹೆಸರಿನಲ್ಲಿ. ಇದು ನನ್ನ ಕಲ್ಪನೆಯಲ್ಲ. ನಮ್ಮನ್ನು ಹೊಗಳಿದ ಬಾಯಿಯೇ ಮರುಕ್ಷಣ ಅವಳ ಕಡೆ ತಿರುಗಿ, “ನೋಡಮ್ಮ, ಇವರ ಋಣ ಯಾವತ್ತೂ ಮರೀಬೇಡ. ಹೇಳಿದ ಹಾಗೆ ಕೇಳ್ಕೊಂಡು ಇರಬೇಕು” ಎಂದು ಬುದ್ಧಿ ಹೇಳುತ್ತದೆ. ಮಗನನ್ನು ಹೆತ್ತಾಗ ನನಗೆ ಪುಣ್ಯ ಬಂದಿತೆಂದು ಯಾರೂ ಹೇಳಲಿಲ್ಲ, “ಸಿಹಿ ಎಲ್ಲಿ?” ಎಂದು ಕೇಳಿದರು. ತೊಟ್ಟಿಲ ಬಳಿ ಬಗ್ಗಿ, “ನಿಮ್ಮಮ್ಮನ ಋಣ ಮರೀಬೇಡ ಕಂದ” ಎಂದವರೂ ಇಲ್ಲ. ಮಗಳು ಬಂದಾಗ ಪುಣ್ಯದ ಮಾತಾಡಿದವರು ಲೆಕ್ಕವಿಲ್ಲದಷ್ಟು ಮಂದಿ. ಸಿಹಿ ಕೇಳಿದವರು ಒಬ್ಬರೂ ಇಲ್ಲ. ಈ ಎರಡು ಬರವುಗಳಲ್ಲಿ ಯಾವುದು ಮನೆಯ ಮಗುವಿನದು, ಯಾವುದು ಧರ್ಮಛತ್ರದ ಅತಿಥಿಯದು ಎಂಬುದು ಎಂಟು ವರ್ಷದ ಮಗುವಿಗೆ ತಿಳಿಯದೆ ಇದ್ದೀತೆ?

ಋಣದ ಮಾತು ಬಂದರೆ ನಮ್ಮ ಜನ ಕರ್ಣನನ್ನು ನೆನೆಯುತ್ತಾರೆ. ಆದರೆ ಅವರು ಹೇಳುವುದು ದುರ್ಯೋಧನನ ಋಣವನ್ನು. ನದಿಯಲ್ಲಿ ತೇಲಿಬಂದ ಕೂಸನ್ನು ಎತ್ತಿಕೊಂಡ ರಾಧೆಯ ಋಣವನ್ನಲ್ಲ. ಅದು ಸರಿಯಾಗಿಯೇ ಇದೆ. ರಾಜ್ಯ ಕೊಟ್ಟ ದೊರೆಗೆ ಅವನು ಸಾಲಗಾರ, ರಾಧೆಗೆ ಮಗ. ಸಾವಿರಾರು ವರ್ಷಗಳಿಂದ ಆ ಕಥೆ ಕೇಳುತ್ತಿರುವ ನಮಗೆ ಈ ವ್ಯತ್ಯಾಸ ಮನೆಯ ಬಾಗಿಲಲ್ಲಿ ಮಾತ್ರ ಏಕೆ ಮರೆತುಹೋಗುತ್ತದೆಯೋ ಕಾಣೆ.

ಇನ್ನು, ಪುಣ್ಯದ ಕನ್ನಡಕ ಹಾಕಿಕೊಂಡವರಿಗೆ ಮಗುವೇ ಕಾಣುವುದಿಲ್ಲ. ಮೊದಲ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಏನು ನಡೆಯಿತು, ಬಂದವರು ಅದನ್ನು ಹೇಗೆ ತಿಳಿದರು ಎಂಬುದನ್ನು ನೋಡಿ.

ಬಂದ ದಿನವೇ ಅವಳು ನನ್ನನ್ನು ‘ಅಮ್ಮ’ ಎಂದಳು. ಕೂಡಿದ್ದವರೆಲ್ಲ, “ಅಬ್ಬ, ಎಷ್ಟು ಬೇಗ ಹೊಂದಿಕೊಂಡಳು!” ಎಂದು ಸಂಭ್ರಮಪಟ್ಟರು. ಮಾರನೆಯ ದಿನ ಹೂವು ಮಾರುವವಳನ್ನೂ ಅಮ್ಮ ಎಂದಳು, ಗ್ಯಾಸ್ ಏಜೆನ್ಸಿಯಿಂದ ಬಂದ ಹೆಂಗಸನ್ನೂ ಅಮ್ಮ ಎಂದಳು, ಅವರ ಸೆರಗು ಹಿಡಿದು ಗೇಟಿನವರೆಗೂ ಹೋದಳು. ಅವಳು ಬೆಳೆದ ಸಂಸ್ಥೆಯಲ್ಲಿ ಮೂರು ಪಾಳಿಯಲ್ಲಿ ಬರುವ ಆಯಾಗಳೆಲ್ಲರೂ ಅಮ್ಮಂದಿರೇ. ಆ ಪದಕ್ಕೆ ಒಬ್ಬ ಒಡತಿ ಇರುತ್ತಾಳೆಂಬುದನ್ನು ಅವಳಿಗೆ ಬದುಕು ಕಲಿಸಿರಲಿಲ್ಲ. ಬಂದವರು ಪ್ರೀತಿಯೆಂದು ತಿಳಿದದ್ದು ಪ್ರೀತಿಯಲ್ಲ. ಯಾರು ಎತ್ತಿಕೊಂಡಾರೋ ಎಂಬ ಹುಡುಕಾಟ.

ಬಿದ್ದರೆ ಅಳುತ್ತಿರಲಿಲ್ಲ. ವಾಕರ್ ಜಾರಿ ಮೊಣಕೈ ತರಚಿ ರಕ್ತ ಬಂದರೂ ಎದ್ದು ಕೂರುತ್ತಿದ್ದಳು. “ಎಂಥ ಗಟ್ಟಿ ಹುಡುಗಿ!” ಎಂದರು. ಗಟ್ಟಿತನವಲ್ಲ ಅದು. ಅತ್ತರೆ ಯಾರಾದರೂ ಬರುತ್ತಾರೆಂದು ಗೊತ್ತಿರುವ ಮಗು ಅಳುತ್ತದೆ. ಮೂವತ್ತು ಮಕ್ಕಳಿಗೆ ಇಬ್ಬರು ಆಯಾ ಇರುವ ಕಡೆ ಅಳು ದಂಡ. ಅಷ್ಟನ್ನು ಅವಳು ತೊಟ್ಟಿಲಲ್ಲೇ ಕಲಿತಿದ್ದಳು.

ದಿಂಬಿನ ಕೆಳಗೆ ಚಪಾತಿ ಬಚ್ಚಿಡುತ್ತಿದ್ದಳು, ಇಡ್ಲಿ ಬಚ್ಚಿಡುತ್ತಿದ್ದಳು. ಹಾಸಿಗೆಯ ತುಂಬ ಇರುವೆ. “ಕದಿಯುವ ಚಾಳಿ ಇದೆಯೇನೋ, ನೋಡಿಕೊಳ್ಳಿ” ಎಂದು ಬಂಧುವೊಬ್ಬರು ಪಿಸುಗುಟ್ಟಿದರು. ನಮ್ಮ ಅತ್ತೆ ಮಾತ್ರ ಏನೂ ಹೇಳದೆ ಒಂದು ಸ್ಟೀಲ್ ಡಬ್ಬಿಗೆ ಕೋಡುಬಳೆ ತುಂಬಿ ಅವಳ ಹಾಸಿಗೆಯ ಪಕ್ಕದಲ್ಲಿಟ್ಟರು. “ಇದು ನಿನ್ನ ಡಬ್ಬಿ ಕಣೇ. ಖಾಲಿಯಾದರೆ ಹೇಳು” ಎಂದರು. ನಾಲ್ಕು ತಿಂಗಳಿಗೆ ಆ ಡಬ್ಬಿಯಲ್ಲಿ ಕೋಡುಬಳೆ ಮೆತ್ತಗಾಗಿ ಉಳಿಯತೊಡಗಿತು. ಮನಶ್ಶಾಸ್ತ್ರ ಓದದ ಎಪ್ಪತ್ತನಾಲ್ಕರ ಮುದುಕಿಗೆ ಹೊಳೆದದ್ದು ಓದಿದವರಿಗೆ ಏಕೆ ಹೊಳೆಯಲಿಲ್ಲ? ನಮ್ಮ ಅತ್ತೆ ಅವಳನ್ನು ಪುಣ್ಯದ ವಸ್ತುವೆಂದು ನೋಡಲಿಲ್ಲ, ಹಸಿವಿಗೆ ಹೆದರಿದ ಹುಡುಗಿಯೆಂದು ನೋಡಿದರು. ಅಷ್ಟೇ.

ಆಮೇಲೆ, ಐದಾರು ತಿಂಗಳು ಕಳೆದ ಮೇಲೆ, ಅಳು ಬಂದಿತು. ಬಂದಿತೆಂದರೆ ಕಟ್ಟೆ ಒಡೆದ ಹಾಗೆ. ನಾನು ಕಚೇರಿಗೆ ಹೊರಟರೆ ಅಳು, ಬಚ್ಚಲಿಗೆ ಹೋದರೆ ಅಳು. ತಟ್ಟೆ ಎಸೆದಳು. ನನ್ನ ಕೈ ಕಚ್ಚಿದಳು. ಹೂವಿನವಳನ್ನು ಅಮ್ಮ ಎನ್ನುವುದನ್ನು ಬಿಟ್ಟಳು. “ಅತಿ ಮುದ್ದು ಮಾಡಿ ಕೆಡಿಸಿಬಿಟ್ಟಿರಿ, ಬಂದಾಗ ಎಷ್ಟು ಒಳ್ಳೆಯ ಹುಡುಗಿಯಾಗಿದ್ದಳು!” ಎಂದು ಅದೇ ಜನ ತೀರ್ಪು ಕೊಟ್ಟರು. ಹೊಂದಿಕೆ ಶುರುವಾದದ್ದೇ ಆಗ ಎಂಬುದನ್ನು ಅವರಿಗೆ ತಿಳಿಸುವುದು ಹೇಗೆ? ಕಳೆದುಕೊಳ್ಳಲು ಒಬ್ಬ ತಾಯಿ ಇದ್ದಾಳೆಂದು ಗೊತ್ತಾದ ಮೇಲಲ್ಲವೆ ಮಗು ಅವಳು ಕಣ್ಮರೆಯಾದರೆ ಅಳುವುದು? ಪುಣ್ಯದ ಲೆಕ್ಕದಲ್ಲಿ ಇದು ಕೃತಘ್ನತೆ. ಮನೆಯ ಲೆಕ್ಕದಲ್ಲಿ ಇದು ಮೊದಲ ಜಮಾ.

ಮಗನ ವಿಚಾರವನ್ನೂ ಹೇಳಬೇಕು. ಕಿಟಕಿಯ ಪಕ್ಕದ ಕುರ್ಚಿಗಾಗಿ ಇಬ್ಬರಿಗೂ ಜಗಳವಾಯಿತು. ಅಲ್ಲಿದ್ದ ನೆಂಟರು, “ಪಾಪ, ಕಾಲಿಲ್ಲದ ಹುಡುಗಿ, ಬಿಟ್ಟುಕೊಡೋ” ಎಂದು ಅವನನ್ನು ಗದರಿದರು. ಅವನು ಬಿಟ್ಟುಕೊಟ್ಟ, ಮೂರು ದಿನ ಅವಳೊಡನೆ ಮಾತಾಡಲಿಲ್ಲ. ಅವಳೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಕರುಣೆಯಿಂದ ಸಿಕ್ಕ ಕುರ್ಚಿ ಯಾರಿಗೆ ಬೇಕು? ಅಣ್ಣ ತಂಗಿಯರ ಜಗಳದಲ್ಲಿ ಸೋಲುವ ಹಕ್ಕನ್ನೂ ಕಿತ್ತುಕೊಳ್ಳುವ ಈ ಕರುಣೆ ಎಂಥದು!

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪುಣ್ಯದ ಮಾತು ತಂದೆತಾಯಿಗಳ ಬಾಯಿ ಕಟ್ಟುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗು ಬೆಳೆಯುವಾಗ ಮೂಳೆ ಉದ್ದವಾಗುವ ವೇಗಕ್ಕೆ ಬಿಗಿದ ಸ್ನಾಯು ಹೊಂದಿಕೊಂಡು ಬೆಳೆಯುವುದಿಲ್ಲ. ಆದ್ದರಿಂದ ದಿನವೂ ಕಾಲನ್ನು ಎಳೆದು ನೀವಬೇಕು. ಬಿಟ್ಟರೆ ಕೀಲು ಮಡಿಚಿಕೊಂಡೇ ನಿಲ್ಲುತ್ತದೆ. ಎಳೆದರೆ ನೋವಾಗುತ್ತದೆ. ನಿನ್ನೆ ಮೊನ್ನೆ ಮನೆಗೆ ಬಂದ ಮಗುವಿಗೆ, ನಂಬು ಎಂದು ಕೈ ಚಾಚಿದವಳೇ, ದಿನಕ್ಕೆರಡು ಸಲ ನೋವು ಕೊಡಬೇಕು. ಹುಟ್ಟಿನಿಂದ ಬೆಳೆಸಿದ ತಾಯಿಗೂ ಇದು ಕಷ್ಟ. ನಂಬಿಕೆ ಇನ್ನೂ ಕುದುರದ ಮನೆಯಲ್ಲಿ ಇದು ಎಂಥ ಕಷ್ಟವೆಂಬುದನ್ನು ಊಹಿಸಿಕೊಳ್ಳಿ. ರಾತ್ರಿ ಮೂರು ಸಲ ಏಳಬೇಕು. ಬೆಳಗ್ಗೆ ಕಚೇರಿಗೆ ಹೋಗಬೇಕು. ಕಾಲು ಬೆಳೆದಂತೆ ಕ್ಯಾಲಿಪರ್ ಬದಲಾಯಿಸಬೇಕು. ಆಗ ಒಬ್ಬ ತಾಯಿ, “ನನಗೆ ಸಾಕಾಗಿದೆ ರೀ” ಎಂದರೆ ಏನು ಉತ್ತರ ಸಿಗುತ್ತದೆ ಗೊತ್ತೆ? “ಯಾರು ಮಾಡು ಅಂದಿದ್ರು? ನೀವೇ ತಾನೆ ಮೈಮೇಲೆ ಎಳ್ಕೊಂಡದ್ದು?” ಪುಣ್ಯದ ನಾಣ್ಯವನ್ನು ತಿರುಗಿಸಿದರೆ ಹಿಂಬದಿಯಲ್ಲಿ ಬರೆದಿರುವುದು ಇದೇ ಮಾತು. ಹೆತ್ತ ತಾಯಿ ದಣಿದರೆ ಅಯ್ಯೋ ಎನ್ನುವ ಜನ ದತ್ತು ತಾಯಿ ದಣಿದರೆ ಅವಳ ಪುಣ್ಯ ಸೋರಿಹೋಯಿತೆನ್ನುತ್ತಾರೆ. ಹೀಗಾಗಿ ಅವಳು ನಗುತ್ತ ಇರಬೇಕು. ನಗುತ್ತ ನಗುತ್ತ ಒಂದು ದಿನ ಮುರಿಯಬೇಕು.

ಮುರಿದರೆ ಏನಾಗುತ್ತದೆ? ಮಗು ವಾಪಸ್ಸು ಹೋಗುತ್ತದೆ. ಇದು ಅಪರೂಪದ ಕಥೆಯೆಂದು ತಿಳಿಯಬೇಡಿ. ೨೦೨೨ರ ದತ್ತು ನಿಯಮಾವಳಿ ಇದಕ್ಕೆ ಎರಡು ಬೇರೆ ಬೇರೆ ಹೆಸರುಗಳನ್ನೇ ಇಟ್ಟಿದೆ: ಆದೇಶವಾಗುವ ಮೊದಲು ಸಂಬಂಧ ಮುರಿದರೆ ಒಂದು, ಆದೇಶವಾದ ಮೇಲೆ ಮುರಿದರೆ ಇನ್ನೊಂದು. ಹೆಸರಿಡಬೇಕಾಯಿತೆಂದ ಮೇಲೆ ಸಂಗತಿ ನಡೆಯುತ್ತಿದೆ ಎಂದೇ ಅರ್ಥ. ನನ್ನ ಮಗಳೂ ನಮಗಿಂತ ಮೊದಲು ಒಂದು ಮನೆಗೆ ಹೋಗಿ, ನಾಲ್ಕು ತಿಂಗಳಿದ್ದು, ಹಿಂದಿರುಗಿದವಳು. ಕಡತದಲ್ಲಿ ಬರೆದದ್ದು ಒಂದೇ ಸಾಲು: ಹೊಂದಾಣಿಕೆಯಾಗಲಿಲ್ಲ. ಆ ದಂಪತಿಗಳನ್ನು ನಾನು ದೂಷಿಸುವುದಿಲ್ಲ. ಅವರ ಮನೆಯ ರಾತ್ರಿಗಳು ಹೇಗಿದ್ದವೆಂದು ನನಗೆ ಗೊತ್ತು. ಅವರನ್ನು ಹೊಗಳಿದ ಜನ ಆ ರಾತ್ರಿಗಳಲ್ಲಿ ಎಲ್ಲಿದ್ದರೆಂಬುದನ್ನೂ ಬಲ್ಲೆ. ಆದರೆ ಫಲ ಉಂಡವಳು ನನ್ನ ಮಗಳು. ಮೊದಲ ಬೇಸಗೆಯಲ್ಲಿ ಊರಿಗೆ ಹೊರಡಲೆಂದು ಅಟ್ಟದಿಂದ ಪೆಟ್ಟಿಗೆ ಇಳಿಸಿದಾಗ, ಅವಳು ತನ್ನ ಬಟ್ಟೆಗಳನ್ನು ತಾನೇ ಚೀಲಕ್ಕೆ ತುಂಬಿ, ಕ್ಯಾಲಿಪರ್ ಕಟ್ಟಿಕೊಂಡು, ಬಾಗಿಲ ಬಳಿ ಕುಳಿತಿದ್ದಳು. ಯಾರ ಮೇಲೂ ಕೋಪವಿರಲಿಲ್ಲ. ಹೊರಡುವ ಸಮಯ ಬಂದಿತೆಂದು ತಿಳಿದವಳ ಹಾಗೆ ಕುಳಿತಿದ್ದಳು. ಒಂಬತ್ತು ವರ್ಷದ ಮಗುವಿಗೆ ಇಂಥ ಶಾಂತಿಯನ್ನು ಕಲಿಸುವ ಸಮಾಜ ಪುಣ್ಯದ ಹೆಸರೆತ್ತಬಾರದು.

ಈ ರೋಗದ ಬೇರು ಹಳೆಯದು. ನಮ್ಮ ನಾಡಿಗೆ ದತ್ತಕ ಹೊಸದಲ್ಲ. ೧೮೨೪ರಲ್ಲಿ ಕಿತ್ತೂರಿನಲ್ಲಿ ಯುದ್ಧವಾದದ್ದು ದತ್ತುಪುತ್ರನ ಹಕ್ಕಿಗಾಗಿ. ಮೂರನೆಯ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ದತ್ತು ತೆಗೆದುಕೊಂಡ ಬಾಲಕನಿಗೇ ೧೮೮೧ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಹಿಂದಿರುಗಿಸಿದರು. ಸಿಂಹಾಸನಕ್ಕೊಬ್ಬ ಬೇಕು, ಪಿಂಡಕ್ಕೊಬ್ಬ ಬೇಕು, ಆಸ್ತಿಗೊಬ್ಬ ಬೇಕು — ಇದಕ್ಕಾಗಿ ದತ್ತಕ. ಆದ್ದರಿಂದ ಗಂಡಾಗಬೇಕು, ನೆಟ್ಟಗಿರಬೇಕು. ಹೆಣ್ಣನ್ನು ದತ್ತು ತೆಗೆದುಕೊಳ್ಳಲು ಹಳೆಯ ಧರ್ಮಶಾಸ್ತ್ರದಲ್ಲಿ ಸಾಮಾನ್ಯವಾಗಿ ಅವಕಾಶವಿರಲಿಲ್ಲ. ಹುಟ್ಟುಕುರುಡರು, ಹುಟ್ಟುಕಿವುಡರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಭಾಗವೂ ಇರಲಿಲ್ಲ, ಅನ್ನಬಟ್ಟೆ ಮಾತ್ರ. ಪಾಲಿಲ್ಲ, ಪಾಲನೆ ಉಂಟು! ೧೯೨೮ರ ಕಾಯ್ದೆ ಈ ಅನ್ಯಾಯವನ್ನು ಬಹುಮಟ್ಟಿಗೆ ತೊಡೆಯಿತು. ೧೯೫೬ರಲ್ಲಿ ಎರಡು ಕಾಯ್ದೆಗಳು ಒಟ್ಟಿಗೆ ಬಂದವು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದಿತು. ಹಿಂದೂ ಉತ್ತರಾಧಿಕಾರ ಕಾಯ್ದೆ, ರೋಗವಾಗಲಿ ಅಂಗದ ಊನವಾಗಲಿ ಯಾರ ಹಕ್ಕಿಗೂ ಅಡ್ಡಿಯಲ್ಲವೆಂದಿತು. ಕಾನೂನು ಹೊಳೆ ದಾಟಿ ಏಳು ದಶಕಗಳಾದವು. ನಮ್ಮ ನಾಲಗೆ ಇನ್ನೂ ಆಚೆ ದಡದಲ್ಲೇ ನಿಂತಿದೆ. ಅಂಗವಿಕಲ ಮಗುವನ್ನು ಕಂಡಕೂಡಲೇ ಅದು ಪಾಲಿನ ಮಾತನ್ನು ಬಿಟ್ಟು ಅನ್ನಬಟ್ಟೆಯ ಮಾತಾಡುತ್ತದೆ. ಪುಣ್ಯ ಎಂಬುದು ಆ ಅನ್ನಬಟ್ಟೆಗೇ ಇಟ್ಟ ಇನ್ನೊಂದು ಹೆಸರು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ನಮಗೆ ಹೇಳದವರಿಲ್ಲ. ದೊಡ್ಡ ಮಗು ಮನೆಗೆ ಒಗ್ಗುವುದಿಲ್ಲವೆಂಬುದು ಇದರ ಭಾವ. ಇದರಲ್ಲಿ ಸತ್ಯವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ತಾಯಿಯ ಆಸರೆ ಇಲ್ಲದೆ ಸಂಸ್ಥೆಗಳಲ್ಲಿ ಬೆಳೆಯುವ ಮಕ್ಕಳ ಮನಸ್ಸಿಗೆ ಆಗುವ ಹಾನಿಯನ್ನು ಜಾನ್ ಬೌಲ್ಬಿ ೧೯೫೧ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ಜಗತ್ತಿನ ಮುಂದಿಟ್ಟರು. ೧೯೮೯ರ ಕ್ರಾಂತಿಯ ಅನಂತರ ರುಮೇನಿಯಾದ ಅನಾಥಾಲಯಗಳಿಂದ ಇಂಗ್ಲೆಂಡಿಗೆ ದತ್ತು ಹೋದ ಮಕ್ಕಳನ್ನು ಮೈಕೇಲ್ ರಟ್ಟರ್ ಮತ್ತು ಸಂಗಡಿಗರು ಅವರು ದೊಡ್ಡವರಾಗುವವರೆಗೂ ಗಮನಿಸಿದರು. ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಕಳೆದಿದ್ದವರಲ್ಲಿ ಹಲವರಿಗೆ ತೊಂದರೆ ಪ್ರಾಯಕ್ಕೆ ಬಂದ ಮೇಲೂ ಉಳಿಯಿತು. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಮನೆ ಸಿಕ್ಕಿದ ಮೇಲೆ ಅವರ ಬುದ್ಧಿಯ ಬೆಳವಣಿಗೆ ಬಹುಮಟ್ಟಿಗೆ ಸರಿಹೋಯಿತು, ಅಷ್ಟು ಕಷ್ಟ ಉಂಡವರಲ್ಲೂ ಕೆಲವರು ಯಾವ ತೊಂದರೆಯೂ ಇಲ್ಲದೆ ಬೆಳೆದರು. ಆ ಮಕ್ಕಳು ನನ್ನ ಮಗಳಷ್ಟು ದೊಡ್ಡವರಾಗಿರಲಿಲ್ಲ, ನಿಜ. ಕಲೆ ಉಳಿಯುತ್ತದೆ, ಅದೂ ನಿಜ. ಕಲೆ ಉಳಿಯುತ್ತದೆಂದು ಗಾಯಕ್ಕೆ ಮದ್ದು ಹಾಕದೆ ಬಿಡುವವರುಂಟೆ?

ಇಷ್ಟಕ್ಕೂ ಮಗುವನ್ನು ಬಗ್ಗಿಸಬೇಕೆಂದು ಹೇಳಿದವರಾರು? ಬೆಳೆದ ಗಿಡವನ್ನು ಬೇರೆಡೆ ನೆಡಬೇಕಾದರೆ ರೈತ ಅದನ್ನು ಬಗ್ಗಿಸುವುದಿಲ್ಲ. ಸುತ್ತಲೂ ಅಗೆದು, ಬೇರಿಗೆ ಅಂಟಿದ ಹಳೆಯ ಮಣ್ಣನ್ನು ಉದುರಿಸದೆ, ಹೆಂಟೆಯ ಸಮೇತ ಎತ್ತಿ ತರುತ್ತಾನೆ. ಕೆಲವು ದಿನ ಎಲೆ ಬಾಡಿದರೆ ಗಾಬರಿಯಾಗುವುದಿಲ್ಲ. ದೊಡ್ಡ ಮಗುವಿಗೂ ಹಳೆಯ ಮಣ್ಣಿದೆ. ಅದರ ಹೆಸರು, ಜೊತೆಯಲ್ಲಿ ಮಲಗುತ್ತಿದ್ದ ಗೆಳತಿ, ಪ್ರೀತಿಯಿಂದ ಕಂಡ ಒಬ್ಬ ಆಯಾ, ಅನ್ನವನ್ನು ಹೀಗೇ ಕಲಸಬೇಕೆಂಬ ಹಟ. “ಹೆಸರು ಬದಲಾಯಿಸಿ, ಹಳೆಯದೆಲ್ಲ ಮರೆತುಹೋಗಲಿ” ಎಂದು ನಮಗೆ ಹೇಳಿದವರು ಹತ್ತಾರು ಮಂದಿ. ಕೈಯಲ್ಲಿ ಏನೂ ಇಲ್ಲದ ಮಗುವಿನ ಹತ್ತಿರ ಇದ್ದ ಒಂದೇ ಸ್ವತ್ತು ಅದರ ಹೆಸರು. ಅದನ್ನೂ ಕಿತ್ತುಕೊಂಡು ಪುಣ್ಯ ಸಂಪಾದಿಸಬೇಕೆ? ನಾವು ಬದಲಾಯಿಸಲಿಲ್ಲ. ದೀಪಾವಳಿಗೆ ಆ ಆಯಾ ನಮ್ಮ ಮನೆಗೆ ಬಂದು ಹೋಗುತ್ತಾರೆ. ಮಗಳು ಅವರನ್ನು ಈಗ ಅತ್ತೆ ಎನ್ನುತ್ತಾಳೆ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಇನ್ನು ಮುಂದೆ. ದತ್ತು ಪುಣ್ಯದ ಕೆಲಸವಾದರೆ ಅದು ಆ ಪುಣ್ಯಾತ್ಮರ ಖಾಸಗಿ ವಿಚಾರವಾಗುತ್ತದೆ. ಉಳಿದವರು ಕೈ ಮುಗಿದು ಕೈ ತೊಳೆದುಕೊಳ್ಳಬಹುದು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ನಿಗದಿಯಾದ ಪ್ರಮಾಣದ ಅಂಗವೈಕಲ್ಯವಿರುವ ಆರರಿಂದ ಹದಿನೆಂಟು ವರ್ಷದ ಪ್ರತಿ ಮಗುವಿಗೂ, ನೆರೆಯ ಶಾಲೆಯಲ್ಲಾಗಲಿ ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದು ಕೊಟ್ಟಿದೆ. ಈ ಕಾಯ್ದೆಯ ಪ್ರತಿಯನ್ನು ಹಿಡಿದುಕೊಂಡು ನಾನು ಶಾಲೆಯೊಂದಕ್ಕೆ ಹೋದೆ. ಮುಖ್ಯಸ್ಥರು ನನ್ನನ್ನು ಕೂರಿಸಿ, ಕಾಫಿ ತರಿಸಿ, “ನಿಮ್ಮಂಥವರಿಂದಲೇ ಮಳೆ ಬೆಳೆ ಆಗ್ತಿರೋದು ಮೇಡಂ” ಎಂದರು. ಆಮೇಲೆ, ಮೂರನೆಯ ತರಗತಿ ಮಹಡಿಯ ಮೇಲಿದೆ, ಆದ್ದರಿಂದ ಸೇರಿಸಿಕೊಳ್ಳಲಾಗುವುದಿಲ್ಲ ಎಂದರು. ತರಗತಿಯನ್ನು ಕೆಳಗಿಳಿಸಬಹುದಲ್ಲ ಎಂದೆ. ಅವರಿಗೆ ಅದು ತಮಾಷೆಯಾಗಿ ಕಂಡಿತು. ಮಳೆಯನ್ನೇ ಇಳಿಸಬಲ್ಲವಳು ನಾನಾದರೆ, ಹದಿನೈದು ಬೆಂಚುಗಳನ್ನು ಮಹಡಿಯಿಂದ ಇಳಿಸಲು ಅವರಿಗೇಕೆ ಕಷ್ಟ? ಎರಡನೆಯ ಶಾಲೆಯ ಹೆಡ್‌ಮೇಡಂ ಹೊಗಳಲಿಲ್ಲ. ವಾಕರ್‌ನ ಅಗಲ ಎಷ್ಟೆಂದು ಕೇಳಿ, ಬಾಗಿಲ ಅಳತೆ ನೋಡಿಸಿ, “ಸೋಮವಾರ ಕರೆದುಕೊಂಡು ಬನ್ನಿ” ಎಂದರು. ಈ ಎರಡು ಬಗೆಯ ಜನರ ನಡುವಿನ ಅಂತರವೇ ನನ್ನ ಇಡೀ ವಾದ.

ಸರ್ಕಾರದ ಕಣ್ಣೂ ಬೇರೆಯಲ್ಲ. ೨೦೧೭ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿದಾಗ ದತ್ತು ತಾಯಂದಿರಿಗೂ ಹನ್ನೆರಡು ವಾರದ ರಜೆ ಎಂದು ಬರೆದರು. ಆದರೆ ಕೂಸು ಮೂರು ತಿಂಗಳಿಗಿಂತ ಚಿಕ್ಕದಾಗಿದ್ದರೆ ಮಾತ್ರ ಎಂದರು. ತ್ಯಜಿಸಿದ ಕೂಸನ್ನು ದತ್ತಿಗೆ ಮುಕ್ತವೆಂದು ಘೋಷಿಸುವ ಹೊತ್ತಿಗೇ ಕಾನೂನಿನ ಕ್ರಮದಲ್ಲಿ ತಿಂಗಳುಗಳು ಕಳೆಯುತ್ತವೆ. ಎಂಟು ವರ್ಷದ ಮಗುವಿಗಂತೂ ತಾಯಿಯ ಹೊತ್ತು ಬೇಡವೆಂದೇ ಬರೆದವರ ಎಣಿಕೆ. ಆ ಮಿತಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನನ್ನ ಮಟ್ಟಿಗೆ ಹೇಳುವುದಾದರೆ ಸಂಬಳವಿಲ್ಲದ ಎರಡು ತಿಂಗಳ ರಜೆಯಲ್ಲಿ ಮಗಳನ್ನು ಬರಮಾಡಿಕೊಂಡೆ. ಹೊಸ ಮಗು ಎಂದರೆ ಹಾಲು ಕುಡಿಯುವ ಕೂಸು ಮಾತ್ರವೆಂಬುದು ಎಂಥ ಬಡ ಕಲ್ಪನೆ! ಎಂಟು ವರ್ಷದ ಮಗು ಎಂಟು ವರ್ಷದ ಬಾಕಿಯನ್ನು ಹೊತ್ತು ಬರುತ್ತದೆ. ಅದಕ್ಕೆ ಕೂಸಿಗಿಂತ ಹೆಚ್ಚು ಹೊತ್ತು ಬೇಕು.

ದತ್ತಿನ ಅನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಮಗು ಹೇಗಿದೆಯೆಂದು ನೋಡಿ ವರದಿ ಕಳಿಸಬೇಕೆಂಬ ನಿಯಮವಿದೆ. ನಿಯಮ ಒಳ್ಳೆಯದೇ. ನಮ್ಮ ಮನೆಗೆ ನಾಲ್ಕು ಸಲವೂ ಬಂದರು. ಫಾರಂ ತುಂಬಿದರು, ಫೋಟೋ ತೆಗೆದರು, ಅರ್ಧ ಗಂಟೆಯಲ್ಲಿ ಎದ್ದರು. ಬಂದ ಹುಡುಗಿ ಒಳ್ಳೆಯವಳೇ. ಅವಳ ಚೀಲದಲ್ಲಿ ಅಂಥ ಫಾರಂಗಳು ಇನ್ನೂ ಎಷ್ಟೋ ಇದ್ದವು. ನಮಗೆ ಬೇಕಾಗಿದ್ದದ್ದು ಫಾರಂ ಅಲ್ಲ. ಮಗು ಏಕ್ದಂ ಕಚ್ಚತೊಡಗಿದ ರಾತ್ರಿ ಫೋನು ಮಾಡಿದರೆ, “ಇದು ಹೀಗೆಯೇ ಇರುತ್ತದೆ, ಹೀಗೆ ಮಾಡಿ ನೋಡಿ” ಎನ್ನುವ ಒಂದು ತಿಳಿವಳಿಕೆಯ ದನಿ. ವಾರಕ್ಕೆ ಎರಡು ದಿನ ಮನೆಗೇ ಬಂದು ಕಾಲು ನೀವಿಕೊಡುವ ಒಬ್ಬ ಫಿಸಿಯೋಥೆರಪಿಸ್ಟ್. ಇದೇ ದಾರಿ ಸವೆಸಿದ ಇನ್ನೊಂದು ಮನೆಯ ಪರಿಚಯ. ಇವು ಇದ್ದಿದ್ದರೆ ನನ್ನ ಮಗಳು ಮೊದಲ ಮನೆಯಲ್ಲೇ ಉಳಿಯುತ್ತಿದ್ದಳೇನೋ. ನನಗೆ ಅದರಿಂದ ನಷ್ಟ. ಅವಳಿಗೆ ಒಂದು ಗಾಯ ಕಡಿಮೆ.

“ಪುಣ್ಯದ ಆಸೆಯನ್ನೂ ತೆಗೆದುಬಿಟ್ಟರೆ ಇಂಥ ಮಕ್ಕಳನ್ನು ಯಾರು ತೆಗೆದುಕೊಂಡಾರು?” ಎಂದು ಕೊನೆಯದಾಗಿ ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈಚಿನ ವರ್ಷಗಳಲ್ಲಿ ದೇಶದಲ್ಲಿ ಕಾನೂನಿನ ಪ್ರಕಾರ ನಡೆಯುವ ದತ್ತುಗಳು ವರ್ಷಕ್ಕೆ ಸುಮಾರು ನಾಲ್ಕು ಸಾವಿರ. ಹೆಸರು ಬರೆಸಿ ಕಾಯುವ ತಂದೆತಾಯಿಗಳು ಮೂವತ್ತು ಸಾವಿರಕ್ಕೂ ಮೇಲು. ಕಾಯುವವರಲ್ಲಿ ಬಹುಪಾಲು ಕೇಳುವುದು ಎರಡು ವರ್ಷದೊಳಗಿನ ಆರೋಗ್ಯವಂತ ಕೂಸನ್ನು. ಇತ್ತ ದೊಡ್ಡ ಮಕ್ಕಳು, ಅಂಗವಿಕಲ ಮಕ್ಕಳು ಸಂಸ್ಥೆಗಳಲ್ಲೇ ಉಳಿಯುತ್ತಾರೆ. ಅವರಲ್ಲಿ ಕೆಲವರು ಇಟಲಿ, ಅಮೆರಿಕ ಮೊದಲಾದ ದೇಶಗಳಿಗೆ ಹೋಗುತ್ತಾರೆ. ಪುಣ್ಯದ ಮಾತು ಫಲ ಕೊಡುವಂತಿದ್ದರೆ, ಪುಣ್ಯದ ಈ ತವರಿನಲ್ಲಿ ಇಷ್ಟು ಹೊತ್ತಿಗೆ ಒಂದು ಮಗುವೂ ಉಳಿಯಬಾರದಿತ್ತಲ್ಲ! ಇಲ್ಲದಿರುವುದು ಪುಣ್ಯದ ಆಸೆಯಲ್ಲ. ಗಾಲಿಕುರ್ಚಿ ಹತ್ತುವ ಬಸ್ಸಿಲ್ಲ, ಬಾಗಿಲು ತೆರೆಯುವ ಶಾಲೆಯಿಲ್ಲ, ಕೈಗೆಟುಕುವ ಚಿಕಿತ್ಸೆಯಿಲ್ಲ. ಅದನ್ನು ಕಂಡೇ ಜನ ಹಿಂದೆಗೆಯುತ್ತಾರೆ. ಪುಣ್ಯಕ್ಕಾಗಿ ಬಂದವರೋ ಬೇಗ ಬರುತ್ತಾರೆ, ಬೇಗ ದಣಿಯುತ್ತಾರೆ. ಏಕೆಂದರೆ ಪುಣ್ಯ ಮೊದಲ ದಿನವೇ ಕೈಸೇರಿರುತ್ತದೆ, ಮಗು ಮಾತ್ರ ಮುಂದಿನ ಹದಿನೈದು ವರ್ಷ ಇರುತ್ತದೆ. ದತ್ತಿಗೆ ಮುಂದೆ ಬರುವವರಿಗೆ ಹಾರದ ಬದಲು ನಿಜ ಹೇಳಿ. ಮೊದಲ ವರ್ಷ ಕಠಿಣವೆಂದು ಹೇಳಿ, ಮಗು ನಿಮ್ಮನ್ನು ಪರೀಕ್ಷಿಸುತ್ತದೆಂದು ಹೇಳಿ, ಆಗ ನಾವು ಜೊತೆಗಿರುತ್ತೇವೆಂದು ಹೇಳಿ. ಹೇಳಿದ ಮೇಲೆ ಇರಿ.

ನಮ್ಮ ಬೀದಿಯ ಸಂಘದವರು ಕಳೆದ ವರ್ಷ ನಮಗೆ ಶಾಲು ಹೊದಿಸುತ್ತೇವೆಂದು ಬಂದರು. ಬೇಡವೆಂದೆವು. ಆ ದುಡ್ಡಿನಲ್ಲಿ ಬೀದಿಯ ಮೂಲೆಯ ಉದ್ಯಾನದ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಿಸಿಕೊಡಿ ಎಂದು ಕೇಳಿದೆವು. ಅವರಿಗೆ ಬೇಸರವಾಯಿತು. ಇಳಿಜಾರು ಇನ್ನೂ ಆಗಿಲ್ಲ. ಕೇಳುವುದನ್ನು ನಾನು ಬಿಟ್ಟಿಲ್ಲ.

ನಮ್ಮಂಥ ಮನೆ ನಿಮ್ಮ ಬೀದಿಯಲ್ಲೂ ಇದ್ದೀತು, ಇಲ್ಲವೆ ನಾಳೆ ಬಂದೀತು. ಅಲ್ಲಿಗೆ ಹೋದಾಗ ಪುಣ್ಯದ ಮಾತಾಡಬೇಡಿ. ಮಗುವಿನ ಹೆಸರು ಕೇಳಿ. ಅದು ತಟ್ಟೆ ಎಸೆದರೆ ಹುಬ್ಬು ಏರಿಸಬೇಡಿ. ತಾಯಿ ದಣಿದಿದ್ದರೆ, ಒಂದು ಸಂಜೆ ನಾವಿರುತ್ತೇವೆ ನೀವು ಮಲಗಿ ಎನ್ನಿ. ನಿಮ್ಮ ಮಕ್ಕಳನ್ನು ಆಟಕ್ಕೆ ಕಳಿಸಿ, ಜಗಳವಾದರೆ ಆಗಗೊಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮ ಹಿರಿಯರು ನಗುತ್ತ ಹೇಳಿದ್ದಾರೆ. ಮುದ್ದಿಗೆ ಕಾರಣ ಕೇಳಬೇಡಿ, ಕಾಣಿಕೆ ಕೊಡಬೇಡಿ ಎಂಬುದೇ ಅದರ ತಿರುಳು. ಆ ರಿಯಾಯಿತಿ ಹೆತ್ತವರಿಗಷ್ಟೇ ಏಕೆ? ನಮಗೂ ಕೊಡಿ. ಜೊತೆಗೆ, ಎರಡು ವರ್ಷ ತಡವಾಗಿದ್ದರೂ ಚಿಂತೆಯಿಲ್ಲ, ಬಂದು ಸಿಹಿ ಕೇಳಿ.